ಅಕೌಸ್ಟಿಕ್ ಗಿಟಾರಿನ ಟ್ರಸ್ ರಾಡ್ ಅಡ್ಜಸ್ಟ್ ಮಾಡೋದು: ಕೀ ಹಿಡಿಯೋಕೆ ಮುಂಚೆ ಅಳತೆ ಹಿಡೀರಿ

ಹೋದ ವರ್ಷ ಏಪ್ರಿಲಲ್ಲಿ ನನ್ನ ಗಿಟಾರ್ ಇದ್ದಕ್ಕಿದ್ದ ಹಾಗೆ ಝಿರ್ರ್ ಅನ್ನಕ್ಕೆ ಶುರು ಮಾಡ್ತು. ಇ ಮೈನರ್ ಹಿಡಿದು ಒಂದು ಸಲ ಗೀರಿದ್ರೆ ಸಾಕು, ಐದನೇ ತಂತಿ ಸ್ಟೀಲ್ ಡಬ್ಬದೊಳಗೆ ನೊಣ ಸಿಕ್ಕಾಕೊಂಡಂಗೆ ಸದ್ದು ಮಾಡೋದು. ಬೀಳಿಸಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ. ಮಾಡಿದ್ದು ಎರಡೇ ಕೆಲಸ, ಬೆರಳು ನೋಯತ್ತೆ ಅಂತ 12ರ ಸೆಟ್ ತಂತಿ ಬಿಚ್ಚಿ ಅದಕ್ಕಿಂತ ತೆಳುವಾದ 10ರ ಸೆಟ್ ಹಾಕಿದ್ದೆ, ಆಮೇಲೆ ಚೆನ್ನಾಗಿ ಕಾಣ್ಲಿ ಅಂತ ಕೇಸಿಂದ ತೆಗೆದು ಬೆಂಗಳೂರಿನ ಒಣ ಬೇಸಿಗೇಲಿ ಫ್ಯಾನ್ ಗಾಳಿಗೆ ಗೋಡೆಗೆ ನೇತು ಹಾಕಿದ್ದೆ. ಕೇಳಿದವರೆಲ್ಲ ಒಂದೇ ಮಾತು, "ಟ್ರಸ್ ರಾಡ್ ತಿರುಗ್ಸು ಗುರು". ಯಾವ ಕಡೆಗೆ, ಎಷ್ಟು, ಸರಿಯಾಯ್ತು ಅಂತ ಗೊತ್ತಾಗೋದು ಹೇಗೆ, ಇದನ್ನ ಮಾತ್ರ ಒಬ್ರೂ ಹೇಳ್ಲಿಲ್ಲ. ಅದನ್ನೇ ಇಲ್ಲಿ ಬರೀತಿದೀನಿ, ನಾನು ಕೆಡಿಸಿಕೊಂಡಿದ್ದೂ ಸೇರಿಸಿ.

ಮೊದಲೇ ಹೇಳ್ಬಿಡ್ತೀನಿ, ತಿರುಗಿಸೋ ಕೆಲಸ ಹತ್ತು ಸೆಕೆಂಡಿಂದು. ಉಳಿದಿದ್ದೆಲ್ಲ ಅಳೆಯೋದು, ಕಾಯೋದು. ಅಳೆಯಕ್ಕೆ ಬೇಜಾರು ಅನ್ನೋರು ದಯವಿಟ್ಟು ರಾಡ್ ತಿರುಗಿಸೋ ಕೀ ಮುಟ್ಟಬೇಡಿ.

ಈ ರಾಡ್ ಒಳಗೆ ಏನು ಮಾಡ್ತಿರತ್ತೆ

12ರ ಸೆಟ್ ಹಾಕಿ ಸರಿಯಾದ ಶ್ರುತಿಗೆ ಏರಿಸಿದ್ರೆ ಆರೂ ತಂತಿ ಸೇರಿ 70 ಕೆಜಿಗೂ ಜಾಸ್ತಿ ಎಳೆತ ಇರತ್ತೆ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಗಿಟಾರಿನ ತಲೆ ಹಿಡ್ಕೊಂಡು ಮುಂದಕ್ಕೆ ಎಳೀತಾ ಇದಾನೆ ಅನ್ಕೊಳ್ಳಿ. 10ರ ಸೆಟ್ಟಲ್ಲಿ ಅದು 60ರ ಆಸುಪಾಸಿಗೆ ಇಳಿಯತ್ತೆ. ನೆಕ್ ಅನ್ನೋದು ಎರಡು ಬೆರಳಷ್ಟೂ ದಪ್ಪ ಇಲ್ಲದ ಮರದ ಪಟ್ಟಿ, ಅದು ಈ ಎಳೆತಕ್ಕೆ ಬಿಲ್ಲಿನ ಹಾಗೆ ಮುಂದಕ್ಕೆ ಬಾಗತ್ತೆ. ಅದನ್ನ ಹಿಂದಕ್ಕೆ ತಳ್ಳಿ ಸಮ ಮಾಡಕ್ಕೆ ಬೆರಳೊತ್ತೋ ಹಲಗೆ, ಅಂದ್ರೆ ಫಿಂಗರ್‌ಬೋರ್ಡ್ ಕೆಳಗೆ ನೆಕ್ಕಿನ ಉದ್ದಕ್ಕೂ ಹೂತಿಟ್ಟಿರೋ ಸ್ಟೀಲ್ ರಾಡೇ ಟ್ರಸ್ ರಾಡ್. ಒಂದು ತುದೀಲಿ ಬೋಲ್ಟ್ ಇರತ್ತೆ. ಬಿಗಿ ಮಾಡಿದ್ರೆ ನೆಕ್ ಹಿಂದಕ್ಕೆ, ಅಂದ್ರೆ ನೇರ ಆಗೋ ಕಡೆಗೆ ಹೋಗತ್ತೆ, ಸಡಿಲ ಮಾಡಿದ್ರೆ ತಂತಿಗಳು ಗೆದ್ದು ನೆಕ್ ಮುಂದಕ್ಕೆ ಬಾಗತ್ತೆ. ನನ್ನ ಕೇಸಲ್ಲಿ ಆಗಿದ್ದು ಇಷ್ಟೇ, ಎಳೆಯೋನು ಹತ್ತು ಹನ್ನೆರಡು ಕೆಜಿ ಕಮ್ಮಿಯಾದ, ಹಿಂದಕ್ಕೆ ತಳ್ಳೋ ರಾಡ್ ಮಾತ್ರ ಹಳೇ ಬಲದಲ್ಲೇ ತಳ್ತಾ ಇತ್ತು.

ಈ ಅಡ್ಜಸ್ಟ್ ಮಾಡೋ ರಾಡ್ ಗಿಬ್ಸನ್ ಕಂಪನೀಲಿದ್ದ ಥ್ಯಾಡಿಯಸ್ ಮ್ಯಾಕ್‌ಹ್ಯೂ ಅನ್ನೋರದ್ದು, 1923ರಲ್ಲಿ ಪೇಟೆಂಟ್ ಸಿಕ್ತು. ಎಲ್ಲರೂ ಓಡಿ ಬಂದು ಹಾಕ್ಕೊಂಡ್ರಾ ಅಂದ್ರೆ ಇಲ್ಲ, ಅಕೌಸ್ಟಿಕ್ ಅಂದ್ರೆ ನಾವೇ ಅನ್ನೋ ಮಾರ್ಟಿನ್ ಕಂಪನಿ 1985ರವರೆಗೂ ತಿರುಗಿಸಕ್ಕೇ ಆಗದ ಸ್ಟೀಲ್ ಪಟ್ಟಿ, ಕೊಳವೆ ಹಾಕ್ಕೊಂಡೇ ಬಂತು. ಹಳೇ ಮಾರ್ಟಿನ್ ಸಿಕ್ಕವರು ಬೋಲ್ಟ್ ಹುಡುಕಕ್ಕೆ ಹೋಗ್ಬೇಡಿ, ಇರಲ್ಲ.

ಹಾಗಾದ್ರೆ ನೆಕ್ ಪೂರ್ತಿ ನೇರ ಮಾಡಿಬಿಟ್ರೆ ಆಯ್ತಲ್ಲ ಅಂತ ನಾನೂ ಅನ್ಕೊಂಡಿದ್ದೆ. ಆಗಲ್ಲ. ತಂತಿ ಮೀಟಿದಾಗ ಅದು ನಡುವಲ್ಲಿ ಅಗಲವಾಗಿ ಅಲ್ಲಾಡತ್ತೆ, ತುದಿಗಳಲ್ಲಿ ಕಮ್ಮಿ. ಆ ಅಲ್ಲಾಟಕ್ಕೆ ಜಾಗ ಬೇಕು, ಅದಕ್ಕೆ ನೆಕ್ಕಿನ ನಡುವಲ್ಲಿ ಕೂದಲೆಳೆಯಷ್ಟು ತಗ್ಗು ಬಿಡ್ತಾರೆ. ಈ ತಗ್ಗಿಗೇ ರಿಲೀಫ್ ಅನ್ನೋದು. ಸ್ಟೀಲ್ ತಂತಿ ಅಕೌಸ್ಟಿಕ್ಕಿಗೆ 0.15ರಿಂದ 0.30 ಎಂಎಂ ಒಳಗೆ ಇದ್ರೆ ಸರಿ. ಬೆರಳಲ್ಲಿ ಮೆತ್ತಗೆ ನುಡಿಸೋರಿಗೆ 0.15 ಸಾಕು, ಪಿಕ್ ಹಿಡಿದು ಭಜನೆ ಮಂಡಳಿ ಥರ ಜೋರಾಗಿ ಸ್ಟ್ರಮ್ ಮಾಡೋರಿಗೆ 0.25, 0.30 ಬೇಕಾಗತ್ತೆ.

ನಮ್ಮ ಸರಸ್ವತಿ ವೀಣೇಲಿ ಈ ತಲೆನೋವು ಬೇರೆ ಥರ ಇದೆ. ಅಲ್ಲಿ 24 ಮೆಟ್ಟಿಲೂ ಮೇಣದ ಮೇಲೆ ಕೂತಿರತ್ತೆ, ಕೆಟ್ರೆ ಮೇಣ ಬಿಸಿ ಮಾಡಿ ಮೆಟ್ಟಿಲೇ ಕೂರಿಸಿ ಮೇಳ ಕಟ್ತಾರೆ. ಗಿಟಾರಲ್ಲಿ ಫ್ರೆಟ್, ಅಂದ್ರೆ ಆ ಮೆಟ್ಟಿಲಿನ ಥರದ ಲೋಹದ ಪಟ್ಟಿ, ಮರಕ್ಕೆ ಹೊಡೆದು ಕೂರಿಸಿರೋದು, ಅದು ಅಲ್ಲಾಡಲ್ಲ, ಹಾಗಾಗಿ ಮರವನ್ನೇ ಬಗ್ಗಿಸ್ಬೇಕು.

ತಪ್ಪು ರಾಡಿಂದೇನಾ ಅಂತ ಮೊದಲು ನೋಡಿ

ಬಜ್, ಅಂದ್ರೆ ಆ ಝಿರ್ರ್ ಸದ್ದು, ಬಂತು ಅಂದ ತಕ್ಷಣ ರಾಡ್ ಅಲ್ಲ. ಎಲ್ಲಿ ಬರ್ತಿದೆ ಅನ್ನೋದೇ ಮುಖ್ಯ, ಒಂದು ಪೇಪರ್ ಪೆನ್ನು ಇಟ್ಕೊಂಡು ದಪ್ಪಗಿರೋ ಆರನೇ ತಂತಿಯಿಂದ ತೆಳುವಾದ ಒಂದನೇ ತಂತಿವರೆಗೂ ಒಂದೊಂದೇ ಫ್ರೆಟ್ ಒತ್ತಿ ಮೀಟಿ, ಝಿರ್ರ್ ಅಂದಿದ್ದನ್ನ ಬರ್ಕೊಳ್ಳಿ. ಮೊದಲ ನಾಲ್ಕೈದು ಫ್ರೆಟ್ಟಲ್ಲಿ, ಅದೂ ಒಂದಕ್ಕಿಂತ ಹೆಚ್ಚು ತಂತೀಲಿ ಬರ್ತಿದ್ರೆ ನೆಕ್ ಅತಿ ನೇರ ಆಗಿದೆ ಅಥವಾ ಹಿಂದಕ್ಕೇ ಬಾಗಿದೆ ಅನ್ನೋ ಅನುಮಾನ, ಇದು ರಾಡಿನ ಕೆಲಸ. ಖಾಲಿ ತಂತಿ ಮೀಟಿದಾಗ ಮಾತ್ರ ಬಂದು, ಒಂದನೇ ಫ್ರೆಟ್ ಒತ್ತಿದ ಕೂಡ್ಲೇ ಹೋಗ್ತಿದ್ರೆ ತಲೆ ಕಡೆ ತಂತಿ ಕೂರೋ ಬಿಳಿ ನಟ್ಟಿನ ಕಚ್ಚು ಆಳ ಆಗಿದೆ. ಒಂದೇ ಒಂದು ಜಾಗದಲ್ಲಿ ಬರ್ತಾ ಇದ್ರೆ ಅದರ ಮುಂದಿನ ಫ್ರೆಟ್ ಎದ್ದಿರತ್ತೆ. ಎಟಿಎಂ ಕಾರ್ಡಿನ ಅಂಚನ್ನ ಪಕ್ಕಪಕ್ಕದ ಮೂರು ಫ್ರೆಟ್ ಮೇಲಿಟ್ಟು ಅಲ್ಲಾಡ್ಸಿ, ನಡುವಿಂದು ಎದ್ದಿದ್ರೆ ಟಕ ಟಕ ಅಂತ ತೂಗತ್ತೆ. 12ರಿಂದ ಆಚೆಗೆ ಮಾತ್ರ ಬರ್ತಿದ್ರೆ ಬಾಡಿ ಕಡೆ ತಂತಿ ಕೂರೋ ಪಟ್ಟಿ, ಅಂದ್ರೆ ಸ್ಯಾಡಲ್, ತಗ್ಗಾಗಿದೆ, ಇಲ್ಲಾಂದ್ರೆ ನೆಕ್ ಬಾಡಿ ಸೇರೋ ಜಾಗದಲ್ಲಿ ಏನೋ ಏರುಪೇರು. ರಾಡಿನ ಕೈ 14ನೇ ಫ್ರೆಟ್ಟಿಂದ ಆಚೆಗೆ ಹೋಗಲ್ಲ, ಅಲ್ಲಿಂದ ಮುಂದೆ ಫಿಂಗರ್‌ಬೋರ್ಡ್ ಬಾಡಿ ಮೇಲೆ ಅಂಟ್ಕೊಂಡಿರತ್ತೆ.

ನಟ್ ಅನ್ನೋ ಪದದ್ದೇ ಒಂದು ರಗಳೆ. ತಂತಿ ಕೂರೋ ಬಿಳಿ ತುಂಡೂ ನಟ್ಟು, ರಾಡ್ ತಿರುಗಿಸೋದೂ ನಟ್ಟು. ಇನ್ನು ಮೇಲೆ ಆ ಬಿಳಿದನ್ನ ಮಾತ್ರ ನಟ್ ಅಂತೀನಿ, ರಾಡಿಂದು ಬೋಲ್ಟ್.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಲ್ಲಿ ಸಾಮಾನ್ಯವಾಗಿ ರಾಡೇ ಇರಲ್ಲ. ತೀರಾ ಕಮ್ಮಿ ಬೆಲೆಯ ಕೆಲವು ಸ್ಟೀಲ್ ತಂತಿ ಗಿಟಾರಲ್ಲೂ ಇರಲ್ಲ, ಇನ್ನು ಕೆಲವದ್ರಲ್ಲಿ ಬೋಲ್ಟ್ ಕಾಣತ್ತೆ, ತಿರುಗತ್ತೆ, ನೆಕ್ ಮಾತ್ರ ಅಲ್ಲಾಡಲ್ಲ. ನನ್ನ ಮೊದಲನೇ ಗಿಟಾರು ಅದೇ ಜಾತೀದು.

ಬೋಲ್ಟ್ ಎಲ್ಲಿದೆ, ಕೀ ಯಾವುದು

ಎರಡೇ ಜಾಗ. ಒಂದು ಹೆಡ್‌ಸ್ಟಾಕಲ್ಲಿ, ಅಂದ್ರೆ ಗಿಟಾರಿನ ತಲೇಲಿ, ನಟ್ಟಿನ ಹಿಂದೆ ಸಣ್ಣ ಪ್ಲಾಸ್ಟಿಕ್ ಅಥವಾ ಮರದ ಮುಚ್ಚಳದ ಕೆಳಗೆ. ಗಿಬ್ಸನ್, ಟೇಲರ್ ಇವೆಲ್ಲ ಹಾಗೆ. ಇನ್ನೊಂದು ಬಾಡಿ ನಡುವಿನ ದುಂಡು ತೂತಿನ, ಅಂದ್ರೆ ಸೌಂಡ್ ಹೋಲ್ ಒಳಗೆ, ಫಿಂಗರ್‌ಬೋರ್ಡಿನ ತುದಿಯ ಕೆಳಗೆ. ಮೊಬೈಲ್ ಟಾರ್ಚ್ ಹಾಕ್ಕೊಂಡು ಸಣ್ಣ ಕನ್ನಡಿ ಒಳಗಿಟ್ಟು ನೋಡಿ, ಇಲ್ಲಾಂದ್ರೆ ಫೋನನ್ನೇ ತೂರಿಸಿ ಒಂದು ಫೋಟೋ ತೆಗೀರಿ, ಷಡ್ಭುಜದ ಗುಂಡಿ ಕಾಣತ್ತೆ. ಕೆಲವದ್ರಲ್ಲಿ ಅದು ಮುಂದಿನ ಅಡ್ಡಪಟ್ಟಿಯ ತೂತಿಂದ ಆಚೆಗೆ ಇರತ್ತೆ, ಮಾಮೂಲಿ ಗಿಡ್ಡ ಎಲ್ ಆಕಾರದ ಕೀ ಮುಟ್ಟಲ್ಲ. ಮಾರ್ಟಿನ್‌ಗೆ ಇದಕ್ಕೇ ಉದ್ದ ಕತ್ತಿನ 5 ಎಂಎಂ ಕೀ ಬೇಕು.

ಅಲೆನ್ ಕೀಲಿ ಸಾಮಾನ್ಯವಾಗಿ ಸಿಗೋದು 4 ಎಂಎಂ, 5 ಎಂಎಂ. ಗಿಬ್ಸನ್‌ಗೆ 5/16 ಇಂಚಿನ ಸಾಕೆಟ್, ಟೇಲರ್‌ಗೆ 1/4 ಇಂಚಿಂದು. ಈಗ ನನ್ನ ತಪ್ಪು ಕೇಳಿ. 5 ಎಂಎಂ ಬೇಕಿತ್ತು, ಮನೇಲಿದ್ದ ಕೀಲಿ ಗೊಂಚಲಲ್ಲಿ ಹೆಚ್ಚುಕಮ್ಮಿ ಅದೇ ಥರದ್ದು ಒಂದಿತ್ತು, ತೂರಿಸ್ದೆ, ಹೋಯ್ತು, ಸ್ವಲ್ಪ ಗಡಗಡ ಅಂತಿತ್ತು ಪರವಾಗಿಲ್ಲ ಅನ್ಕೊಂಡೆ. ತಿರುಗಿಸಿದ್ರೆ ಕೈಯಲ್ಲಿ ಜಾರಿದಂಗಾಯ್ತು. ತೆಗೆದು ನೋಡಿದ್ರೆ ಅದು 3/16 ಇಂಚಿಂದು, ಅಂದ್ರೆ 4.76 ಎಂಎಂ. ಕಾಲು ಎಂಎಂ ವ್ಯತ್ಯಾಸ, ಬೋಲ್ಟಿನ ಒಳಮೂಲೆಗಳು ಅಷ್ಟಕ್ಕೇ ಸವೆದು ಹೊಳೀತಿತ್ತು. ಇನ್ನೊಂದು ಸಲ ಬಲವಂತ ಮಾಡಿದ್ರೆ ಪೂರ್ತಿ ಗುಂಡಗಾಗಿ ಯಾವ ಕೀಲೀನೂ ಹಿಡೀತಿರಲಿಲ್ಲ. ಕೀ ತೂರಿಸಿ ಕೈ ಬಿಟ್ರೆ ಅದು ಅಲ್ಲಾಡದೆ ಬಿಗಿಯಾಗಿ ನಿಲ್ಬೇಕು. ನಿಂತಿಲ್ಲ ಅಂದ್ರೆ ಅದು ನಿಮ್ಮ ಕೀ ಅಲ್ಲ. ಬೆಂಗಳೂರಲ್ಲಿ ಎಸ್‌ಜೆಪಿ ರೋಡ್ ಕಡೆ ಟೂಲ್ ಅಂಗಡೀಲಿ ಬಿಡಿ ಕೀ ಕೊಡ್ತಾರೆ, ತುದಿ ಸವೆದಿಲ್ಲದ ಹೊಸದು ತಗೊಳ್ಳಿ. ತುದಿ ಗುಂಡಗಿರೋ ಬಾಲ್ ಎಂಡ್ ಕೀ ಓರೆಯಾಗಿ ತೂರಿಸಕ್ಕೆ ಅನುಕೂಲ, ಆದ್ರೆ ಹಿಡಿತ ಕಮ್ಮಿ, ಗಟ್ಟಿ ಬೋಲ್ಟಿಗೆ ಹಾಕ್ಬೇಡಿ.

ಅಳೆಯೋದಕ್ಕೆ ಗಿಟಾರ್ ಅಂಗಡಿಯ ದುಬಾರಿ ಗೇಜ್ ಬೇಡ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಕ್ಕೆ ಬಳಸೋ ಫೀಲರ್ ಗೇಜ್ ಇರತ್ತಲ್ಲ, ತೆಳು ಸ್ಟೀಲ್ ಎಲೆಗಳ ಗೊಂಚಲು, ಅದೇ ಸಾಕು, ಜೆಸಿ ರೋಡಲ್ಲೋ ನಿಮ್ಮೂರ ಆಟೋಮೊಬೈಲ್ ಅಂಗಡೀಲೋ ಸಿಗತ್ತೆ. ಅದೂ ಇಲ್ವಾ? 10ರ ಸೆಟ್ಟಿನ ಒಂದನೇ ತಂತಿ 0.010 ಇಂಚು, ಅಂದ್ರೆ 0.25 ಎಂಎಂ. 12ರ ಸೆಟ್ಟಿಂದು 0.30. ತಂತಿ ಹಾಕಿದಾಗ ಕತ್ತರಿಸಿ ಬಿಸಾಡಿದ ತುದಿಯೇ ಗೇಜ್. 75 ಜಿಎಸ್ಎಂ ಜೆರಾಕ್ಸ್ ಪೇಪರ್ ಒಂದು ಹಾಳೆ ಸುಮಾರು 0.1 ಎಂಎಂ, ಎರಡು ಹಾಳೆ ಅಂದ್ರೆ 0.2. ಬಡವರ ಗೇಜು, ಕೆಲಸ ಆಗತ್ತೆ. ಇದ್ರ ಜೊತೆಗೆ ಒಂದು ಕ್ಯಾಪೋ (ಎಲ್ಲಾ ತಂತೀನೂ ಒಟ್ಟಿಗೆ ಫ್ರೆಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್), ಟ್ಯೂನರ್, ಒಂದು ತುಂಡು ಮಾಸ್ಕಿಂಗ್ ಟೇಪ್.

ರಿಲೀಫ್ ಅಳೆಯೋದು

ಗಿಟಾರನ್ನ ನೀವು ನುಡಿಸೋ ಶ್ರುತಿಗೆ ಸರಿಯಾಗಿ ಟ್ಯೂನ್ ಮಾಡಿ. ಇದನ್ನ ಬಿಟ್ರೆ ಮುಂದಿನದೆಲ್ಲ ಸುಳ್ಳು ಲೆಕ್ಕ, ಯಾಕಂದ್ರೆ ತಂತಿಯ ಎಳೆತವೇ ನೆಕ್ಕನ್ನ ಬಗ್ಗಿಸ್ತಿರೋದು. ಅರ್ಧ ಸ್ವರ ಇಳಿಸಿ ನುಡಿಸೋರು ಇಳಿಸಿದ ಶ್ರುತೀಲೇ ಅಳೀರಿ. ಗಿಟಾರ್ ತೊಡೆ ಮೇಲೆ ನುಡಿಸೋ ಭಂಗೀಲೇ ಇರ್ಲಿ. ಟೇಬಲ್ ಮೇಲೆ ಮಲಗಿಸಿ ತಲೆ ಕೆಳಗೆ ಪುಸ್ತಕ ಇಟ್ರೆ ಆ ಒತ್ತಡಕ್ಕೇ ಅಳತೆ ಬದಲಾಗತ್ತೆ.

ಒಂದನೇ ಫ್ರೆಟ್ಟಿಗೆ ಕ್ಯಾಪೋ ಹಾಕಿ. ಬಲಗೈ ಕಿರುಬೆರಳಲ್ಲೋ ಮೊಣಕೈ ಬಾಗಿಸ್ಕೊಂಡೋ ಹೇಗಾದ್ರೂ ಆರನೇ ತಂತಿಯನ್ನ 14ನೇ ಫ್ರೆಟ್ಟಲ್ಲಿ, ನೆಕ್ ಬಾಡಿ ಸೇರೋ ಜಾಗದಲ್ಲಿ ಒತ್ತಿ ಹಿಡೀರಿ. ಈಗ ಆ ಎರಡು ಬಿಂದು ನಡುವೆ ತಂತಿಯೇ ನಿಮ್ಮ ನೇರ ಪಟ್ಟಿ. ಏಳನೇ ಫ್ರೆಟ್ ಹತ್ರ ತಂತಿ ತಳಕ್ಕೂ ಫ್ರೆಟ್ಟಿನ ತಲೆಗೂ ನಡುವೆ ಎಷ್ಟು ಸಂದು ಇದೆ ಅಂತ ನೋಡಿ. ಮೊದಲು ಸುಮ್ನೆ ಇನ್ನೊಂದು ಕೈಬೆರಳಲ್ಲಿ ಏಳನೇ ಫ್ರೆಟ್ ಮೇಲೆ ತಂತಿ ತಟ್ಟಿ. ಟಿಕ್ ಅಂತ ಸಣ್ಣ ಸದ್ದು ಬಂದು ತಂತಿ ಒಂಚೂರು ಇಳಿದಿದ್ದು ಗೊತ್ತಾದ್ರೆ ಸ್ವಲ್ಪನಾದ್ರೂ ರಿಲೀಫ್ ಇದೆ. ಸದ್ದೇ ಇಲ್ಲ, ತಂತಿ ಮೊದಲೇ ಫ್ರೆಟ್ಟಿಗೆ ಅಂಟ್ಕೊಂಡಿದೆ ಅಂದ್ರೆ ನೆಕ್ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ.

ಆಮೇಲೆ ಗೇಜ್. ಎಲೆಯನ್ನ ತಂತಿ ಕೆಳಗೆ ತೂರಿಸಿದಾಗ ತಂತಿ ಮೇಲಕ್ಕೆ ಏಳಬಾರದು, ಸುಮ್ನೆ ಸವರಿಕೊಂಡು ಹೋಗ್ಬೇಕು. 0.20 ಸಲೀಸಾಗಿ ಹೋಗಿ 0.25 ತಂತಿಯನ್ನ ಎತ್ತಿದ್ರೆ ನಿಮ್ಮ ರಿಲೀಫ್ ಆ ಎರಡರ ನಡುವೆ ಇದೆ. ಎರಡು ಸಲ ಅಳೀರಿ, ಮೊದಲನೇ ಸಲ ಎಲ್ಲರೂ ತಪ್ಪು ಮಾಡ್ತಾರೆ. ಒಂದನೇ ತಂತೀಲೂ ಇದೇ ಥರ ಅಳೀರಿ. ಎರಡು ಕಡೆಗೂ ತುಂಬಾ ವ್ಯತ್ಯಾಸ ಇದ್ರೆ ನೆಕ್ ಹಗ್ಗ ಹಿಂಡಿದಂಗೆ ತಿರುಚಿದೆ ಅಂತ, ಅದು ಟ್ರಸ್ ರಾಡಿಗೆ ಬಗ್ಗಲ್ಲ.

ನನ್ನದ್ರಲ್ಲಿ ಅವತ್ತು ತಟ್ಟಿದ್ರೆ ಸದ್ದೂ ಇಲ್ಲ ಏನೂ ಇಲ್ಲ, ಗೊಂಚಲಲ್ಲಿದ್ದ ಅತೀ ತೆಳು 0.05ರ ಎಲೆ ಕೂಡ ತಂತೀನ ಎತ್ತಿತು. ಬಜ್ ಪಟ್ಟೀಲಿ ಒಂದರಿಂದ ನಾಲ್ಕನೇ ಫ್ರೆಟ್ಟು ತುಂಬಿ ಹೋಗಿತ್ತು. ಎರಡೂ ಒಂದೇ ಮಾತು ಹೇಳ್ತಿತ್ತು, ಸಡಿಲ ಮಾಡು ಅಂತ.

ತಿರುಗಿಸೋದು

ದಿಕ್ಕಿನ ವಿಷಯದಲ್ಲೇ ಎಲ್ಲರೂ ಎಡವೋದು. ಬೋಲ್ಟನ್ನ ಮುಖಾಮುಖಿ ನೋಡ್ತಾ ಗಡಿಯಾರದ ದಿಕ್ಕಿಗೆ ತಿರುಗಿಸಿದ್ರೆ ಬಿಗಿ, ರಿಲೀಫ್ ಕಮ್ಮಿ ಆಗತ್ತೆ. ಎದುರು ದಿಕ್ಕಿಗೆ ಸಡಿಲ, ರಿಲೀಫ್ ಜಾಸ್ತಿ. ಇಷ್ಟು ಎಲ್ಲರೂ ಹೇಳ್ತಾರೆ, ಆದ್ರೆ ಕೀ ಸೌಂಡ್ ಹೋಲ್ ಒಳಗಿದ್ದಾಗ ಗಡಿಯಾರದ ಮುಖ ಯಾವ ಕಡೆ ಅಂತ ತಲೆ ಗಿರ್ ಅನ್ನತ್ತೆ. ಅದಕ್ಕೆ ನಾನು ತಂತಿ ಲೆಕ್ಕದಲ್ಲಿ ನೆನಪಿಟ್ಕೊಂಡಿದೀನಿ. ಬಲಗೈ ಗಿಟಾರ್ ಮುಖ ಮೇಲೆ ಮಾಡಿ ಮಲಗಿದೆ, ಕೀ ಹಿಡಿ ಸೌಂಡ್ ಹೋಲಿಂದ ಮೇಲಕ್ಕೆ ನಿಂತಿದೆ ಅನ್ಕೊಳ್ಳಿ. ಆ ಹಿಡಿಯನ್ನ ಒಂದನೇ ತಂತಿ ಕಡೆಗೆ ತಳ್ಳಿದ್ರೆ ಬಿಗಿ, ಆರನೇ ತಂತಿ ಕಡೆಗೆ ಎಳೆದ್ರೆ ಸಡಿಲ. ಬೋಲ್ಟ್ ಹೆಡ್‌ಸ್ಟಾಕಲ್ಲಿದ್ರೆ ಎಲ್ಲಾ ಉಲ್ಟಾ, ಆರನೇ ತಂತಿ ಕಡೆ ತಳ್ಳಿದ್ರೆ ಬಿಗಿ, ಯಾಕಂದ್ರೆ ಈಗ ನೀವು ಎದುರು ತುದಿಯಿಂದ ನೋಡ್ತಿದೀರಿ.

ಶುರು ಮಾಡೋಕೆ ಮುಂಚೆ ಕೀ ಹಿಡಿ ಈಗ ಎಲ್ಲಿ ನಿಂತಿದೆ ಅಂತ ಟೇಪ್ ಅಂಟಿಸಿ ಗೆರೆ ಹಾಕಿ. ದಾರಿ ತಪ್ಪಿದ್ರೆ ವಾಪಸ್ ಬರೋಕೆ ಅದೊಂದೇ ಗುರುತು. ಸೌಂಡ್ ಹೋಲ್ ಕಡೆ ಕೈ ಹೋಗಕ್ಕೆ ಜಾಗ ಇಲ್ದಿದ್ರೆ ನಡುವಿನ ಮೂರು ನಾಲ್ಕನೇ ತಂತಿ ಸ್ವಲ್ಪ ಇಳಿಸಿ ಪಕ್ಕಕ್ಕೆ ಸರಿಸಿ, ಅಳೆಯೋ ಮುಂಚೆ ಮತ್ತೆ ಏರಿಸಿದ್ರಾಯ್ತು.

ಒಂದು ಸಲಕ್ಕೆ ಎಂಟನೇ ಒಂದು ಸುತ್ತು. ಗಡಿಯಾರದ ಲೆಕ್ಕದಲ್ಲಿ ಹನ್ನೆರಡರಿಂದ ಒಂದೂವರೆಗೆ, ಅಷ್ಟೇ. ಧೈರ್ಯ ಇದ್ರೆ ಕಾಲು ಸುತ್ತು, ಹನ್ನೆರಡರಿಂದ ಮೂರಕ್ಕೆ, ಅದಕ್ಕಿಂತ ಜಾಸ್ತಿ ಒಂದೇ ಏಟಿಗೆ ಯಾವತ್ತೂ ಬೇಡ. ಬಿಗಿ ಮಾಡೋದಿದ್ರೂ ನಾನು ಮೊದಲು ಒಂಚೂರು ಸಡಿಲ ಮಾಡಿ ನೋಡ್ತೀನಿ, ಬೋಲ್ಟ್ ನಿಜಕ್ಕೂ ಅಲ್ಲಾಡತ್ತಾ, ತುಕ್ಕು ಹಿಡಿದು ಕೂತಿದೆಯಾ ಅಂತ ಗೊತ್ತಾಗತ್ತೆ. ವರ್ಷಗಟ್ಲೆ ಯಾರೂ ಮುಟ್ಟದ ಬೋಲ್ಟ್ ಮೊದಲ ಸಲ ಕಿರ್ ಅಂತ ಒಂದು ಸದ್ದು ಮಾಡಬಹುದು, ಎದೆ ಧಸಕ್ ಅನ್ನತ್ತೆ, ಅದು ಮಾಮೂಲಿ. ಬಿಗಿ ಮಾಡೋದು ಗಟ್ಟಿ ಅನ್ಸಿದ್ರೆ ತಂತಿಗಳನ್ನ ಸಡಿಲ ಮಾಡ್ಕೊಳ್ಳಿ, ನೆಕ್ಕನ್ನ ರಾಡ್ ಒಂದೇ ಎಳೆಯೋ ಬದಲು ಹೊರೆ ಕಮ್ಮಿಯಾಗತ್ತೆ.

ತಿರುಗಿಸಿದ ಮೇಲೆ ತಂತಿ ಶ್ರುತಿ ತಪ್ಪಿರತ್ತೆ. ಬಿಗಿ ಮಾಡಿದ್ರೆ ಸ್ವರ ಏರಿರತ್ತೆ, ಸಡಿಲ ಮಾಡಿದ್ರೆ ಇಳಿದಿರತ್ತೆ. ಇದು ಒಳ್ಳೇ ಸೂಚನೆ, ಟ್ಯೂನರ್ ಮುಳ್ಳು ಒಂಚೂರೂ ಅಲ್ಲಾಡ್ಲಿಲ್ಲ ಅಂದ್ರೆ ರಾಡ್ ನೆಕ್ಕಿಗೆ ಏನೂ ಮಾಡ್ತಿಲ್ಲ ಅಂತ ಅರ್ಥ. ಮತ್ತೆ ಟ್ಯೂನ್ ಮಾಡಿ, ಮತ್ತೆ ಕ್ಯಾಪೋ, ಮತ್ತೆ 14, ಮತ್ತೆ ಗೇಜ್, ಬರ್ಕೊಳ್ಳಿ.

ನನ್ನದು ಹೀಗಾಯ್ತು. ಮೊದಲನೇ ಎಂಟನೇ ಒಂದು ಸುತ್ತಿಗೆ ತಟ್ಟಿದ್ರೆ ಟಿಕ್ ಅನ್ನಕ್ಕೆ ಶುರುವಾಯ್ತು, 0.10ರ ಎಲೆ ಹೋಯ್ತು. ಇನ್ನೂ ಬಜ್ ಇತ್ತು, ಆದ್ರೆ ಜೋರಾಗಿ ಮೀಟಿದ್ರೆ ಮಾತ್ರ. ಎರಡನೇ ಎಂಟನೇ ಒಂದಕ್ಕೆ 0.15. ಆಸೆ ತಡೀಲಿಲ್ಲ, ಇನ್ನೊಂದು ತಿರುಗಿಸಣ ಅಂತ ಕೈ ಹೋಯ್ತು, ರಾತ್ರಿ ಹನ್ನೊಂದಾಗಿತ್ತು, ಮನೇಲಿ ಬೈದ್ರು, ಬಿಟ್ಟು ಮಲಗ್ದೆ. ಬೆಳಗ್ಗೆ ಎದ್ದು ಅಳೆದ್ರೆ 0.20! ಕೀ ಮುಟ್ಟದೆನೇ. ಮರ ಒಂದೇ ಸಲಕ್ಕೆ ಬಗ್ಗಲ್ಲ, ತಂತಿ ಎಳೀತಾ ಎಳೀತಾ ರಾತ್ರಿಯೆಲ್ಲ ನಿಧಾನಕ್ಕೆ ಹೊಸ ಜಾಗಕ್ಕೆ ಕೂರತ್ತೆ. ಬೈಸ್ಕೊಂಡಿದ್ದೇ ಒಳ್ಳೇದಾಯ್ತು, ಇಲ್ಲಾಂದ್ರೆ ಬೆಳಗ್ಗೆ 0.30 ದಾಟಿರೋದು, ಮತ್ತೆ ಬಿಗಿ ಮಾಡು ಅಂತ ಇಡೀ ದಿನ ಹಗ್ಗಜಗ್ಗಾಟ. ಹಾಗಾಗಿ ದಿನಕ್ಕೆ ಕಾಲು ಸುತ್ತು ಅಂತ ನಾನು ಮಿತಿ ಇಟ್ಕೊಂಡಿದೀನಿ, ಆಮೇಲೆ ಒಂದು ರಾತ್ರಿ ಬಿಡೋದು. ನಾಳೆ ಪ್ರೋಗ್ರಾಮ್ ಇದೆ ಅಂತ ಇವತ್ತು ಸಂಜೆ ರಾಡ್ ತಿರುಗಿಸೋರಿಗೆ ಕೈ ಮುಗೀತೀನಿ.

ಸಡಿಲ ಮಾಡ್ತಾ ಮಾಡ್ತಾ ಬೋಲ್ಟ್ ಯಾವ ಬಿಗಿಯೂ ಇಲ್ಲದೆ ಲೊಡಲೊಡ ತಿರುಗಕ್ಕೆ ಶುರುವಾದ್ರೆ ಹೆದರ್ಬೇಡಿ. ಹಳೇ ಥರದ ಸಿಂಗಲ್ ಆಕ್ಷನ್ ರಾಡಾದ್ರೆ ಅದರ ಕೆಲಸ ಅಲ್ಲಿಗೆ ಮುಗೀತು, ಅದು ಹಿಂದಕ್ಕೆ ಮಾತ್ರ ತಳ್ಳಬಲ್ಲದು. ಈಗಿನ ಎಷ್ಟೋ ಗಿಟಾರಲ್ಲಿ ಬರೋ ಡಬಲ್ ಆಕ್ಷನ್ ಆದ್ರೆ ಆ ಖಾಲಿ ಜಾಗ ದಾಟಿ ಅದೇ ದಿಕ್ಕಿಗೆ ಇನ್ನೂ ತಿರುಗಿಸಿದ್ರೆ ಮತ್ತೆ ಬಿಗಿ ಸಿಗತ್ತೆ, ಅಲ್ಲಿಂದ ರಾಡೇ ನೆಕ್ಕನ್ನ ಮುಂದಕ್ಕೆ ತಳ್ಳಕ್ಕೆ ಶುರು ಮಾಡತ್ತೆ.

ನಿಲ್ಲಿಸಬೇಕಾದ ಜಾಗ

ಬಿಗಿ ಮಾಡೋವಾಗ ಕೈ ನಡುಗೋಷ್ಟು ಬಲ ಬೇಕಾಗ್ತಿದ್ರೆ ನಿಲ್ಸಿ. ಎಲ್ಲಾ ಸೇರಿ ಒಂದು ಪೂರ್ತಿ ಸುತ್ತು ತಿರುಗಿಸಿದ್ರೂ ಅಳತೆ ಜಾಗಕ್ಕೆ ಬರ್ಲಿಲ್ಲ ಅಂದ್ರೂ ನಿಲ್ಸಿ. ರಾಡ್ ತುದಿಯ ಥ್ರೆಡ್ ಕಿತ್ತು ಹೋದ್ರೆ ಅಥವಾ ರಾಡೇ ತುಂಡಾದ್ರೆ ಫಿಂಗರ್‌ಬೋರ್ಡ್ ಬಿಸಿ ಮಾಡಿ ಎಬ್ಬಿಸಿ ಹೊಸ ರಾಡ್ ಹಾಕ್ಬೇಕು. ಐದಾರು ಸಾವಿರದ ಗಿಟಾರಿಗೆ ಆ ರಿಪೇರಿ ಮಾಡಿಸೋ ದುಡ್ಡಲ್ಲಿ ಇನ್ನೊಂದು ಗಿಟಾರೇ ಬರತ್ತೆ. ಬೋಲ್ಟ್ ಜಾಮ್ ಆಗಿದೆ ಅಂತ ಡಬ್ಲ್ಯೂಡಿ-40 ಕ್ಯಾನ್ ಸೌಂಡ್ ಹೋಲೊಳಗೆ ಬುಸ್ ಅನ್ನಿಸಬೇಡಿ, ಮರ ಅದನ್ನ ಕುಡಿದ್ರೆ ಆಮೇಲೆ ಯಾವ ಅಂಟೂ ಹಿಡಿಯಲ್ಲ. ಹೆಡ್‌ಸ್ಟಾಕ್ ಕಡೆ ಬಿಚ್ಚಕ್ಕೆ ಬರೋ ಬೋಲ್ಟಾದ್ರೆ ಪೂರ್ತಿ ಹೊರಗೆ ತೆಗೆದು ಥ್ರೆಡ್ಡಿಗೆ ಕಿವಿ ಒರೆಸೋ ಹತ್ತಿ ಕಡ್ಡೀಲಿ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಸವರಿ ಮತ್ತೆ ಹಾಕಿ, ಎಷ್ಟೋ ಸಲ ಅಷ್ಟಕ್ಕೇ ಬೆಣ್ಣೆ ಥರ ತಿರುಗತ್ತೆ.

ಆಕ್ಷನ್ ಇಳಿಸಕ್ಕೆ ಇದು ದಾರಿಯಲ್ಲ

ಆಕ್ಷನ್ ಅಂದ್ರೆ ಫ್ರೆಟ್ಟಿಂದ ತಂತಿ ಎಷ್ಟು ಮೇಲಿದೆ ಅನ್ನೋದು. ಇದನ್ನ ಬರೀಲೇಬೇಕು, ಯಾಕಂದ್ರೆ ರಾಡ್ ಹಾಳಾಗೋದು ಬಹುಪಾಲು ಇಲ್ಲೇ. ಮಂಗಳೂರಲ್ಲಿರೋ ನನ್ನ ಗೆಳೆಯ ಜುಲೈನಲ್ಲಿ ಫೋನ್ ಮಾಡ್ದ, ತಂತಿ ಎದ್ದು ನಿಂತಿದೆ ಮಾರಾಯ, ಎಫ್ ಕಾರ್ಡ್ ಹಿಡಿಯಕ್ಕೇ ಆಗ್ತಿಲ್ಲ, ರಾಡ್ ಬಿಗಿ ಮಾಡ್ತಾ ಇದೀನಿ ಇಳೀತಾನೇ ಇಲ್ಲ ಅಂತ. ಎಷ್ಟು ತಿರುಗ್ಸಿದೀಯ ಅಂದ್ರೆ ಲೆಕ್ಕ ಇಟ್ಟಿಲ್ಲ ಅಂದ. ವಿಡಿಯೋ ಕಾಲಲ್ಲಿ ಅಳೆಸ್ದೆ. 12ನೇ ಫ್ರೆಟ್ಟಲ್ಲಿ ಆರನೇ ತಂತಿ 3.5 ಎಂಎಂ ಮೇಲಿದೆ, ಅದೇ ಹೊತ್ತಿಗೆ ಮೂರನೇ ಫ್ರೆಟ್ಟಲ್ಲಿ ಬಜ್! ರಿಲೀಫ್ ಸೊನ್ನೆ. ನೆಕ್ ಹಲಗೆ ಥರ ನೇರ ಆಗಿದೆ, ತಂತಿ ಮಾತ್ರ ಮೇಲೇ ಇದೆ.

ಆಗಿದ್ದೇನಂದ್ರೆ ಕರಾವಳಿ ಮಳೇಲಿ ಬೀರುವಿನ ಬಟ್ಟೆಗೇ ಬೂಷ್ಟು ಬರತ್ತೆ, ಇನ್ನು ಗಿಟಾರಿನ ಮುಂದಿನ ತೆಳು ಹಲಗೆ ಬಿಡತ್ತಾ, ನೀರು ಕುಡಿದು ಬ್ರಿಡ್ಜ್ (ಆ ಹಲಗೆ ಮೇಲೆ ಸ್ಯಾಡಲ್ ಕೂರೋ ಮರದ ತುಂಡು) ಹಿಂದೆ ಹೊಟ್ಟೆ ಬಂದಿತ್ತು. ಬ್ರಿಡ್ಜ್ ಮೇಲೆದ್ರೆ ಸ್ಯಾಡಲ್ ಏಳತ್ತೆ, ಸ್ಯಾಡಲ್ ಎದ್ರೆ ತಂತಿ ಏಳತ್ತೆ, ಇದ್ರಲ್ಲಿ ನೆಕ್ಕಿನ ತಪ್ಪೇನಿದೆ? ಅವನಿಗೆ ಹೇಳಿದ್ದು, ರಿಲೀಫ್ 0.20 ಬರೋವರೆಗೂ ರಾಡ್ ಸಡಿಲ ಮಾಡು, ಗಿಟಾರನ್ನ ಕೇಸಲ್ಲಿಟ್ಟು ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕು, ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ತಗೊಂಡು ತೇವ 45ರಿಂದ 55 ಪರ್ಸೆಂಟ್ ಒಳಗೆ ಬರತ್ತಾ ನೋಡು ಅಂತ. ಎರಡು ವಾರಕ್ಕೆ ಹೊಟ್ಟೆ ಸುಮಾರು ಇಳೀತು, ಪೂರ್ತಿ ಅಲ್ಲ.

ಒಣ ಹವೆಯಲ್ಲಿ ಇದರ ಉಲ್ಟಾ. ಬೇಸಿಗೆಯ ಕಲಬುರಗಿ, ರಾಯಚೂರಲ್ಲೋ ಇಡೀ ರಾತ್ರಿ ಏಸಿ ಓಡೋ ರೂಮಲ್ಲೋ ಗಿಟಾರ್ ಒಣಗಿ ಹಲಗೆ ಒಳಕ್ಕೆ ಕುಸಿಯತ್ತೆ, ತಂತಿ ಇಳಿದು ಎಲ್ಲಾ ಕಡೆ ಬಜ್. ನೆಕ್ಕಿನ ಅಂಚಲ್ಲಿ ಕೈ ಸವರಿದ್ರೆ ಫ್ರೆಟ್ ತುದಿಗಳು ಗರಗಸದ ಹಲ್ಲಿನ ಥರ ಚುಚ್ಚಿದ್ರೆ ಮರ ಒಣಗಿ ಕುಗ್ಗಿದೆ ಅಂತ ಲೆಕ್ಕ. ಅಂಥಾ ಹೊತ್ತಲ್ಲೂ ಮೊದಲು ತೇವ ಸರಿ ಮಾಡಿ, ಆಮೇಲೆ ರಾಡ್.

ರಿಲೀಫ್ ಸರಿ ಬಂದ ಮೇಲೇ ಆಕ್ಷನ್ ನೋಡೋದು. 12ನೇ ಫ್ರೆಟ್ಟಿನ ತಲೆಯಿಂದ ತಂತಿ ತಳಕ್ಕೆ ಆರನೇದು 2.4 ಎಂಎಂ, ಒಂದನೇದು 1.6ರಿಂದ 1.8 ಇದ್ರೆ ಹೆಚ್ಚಿನವರಿಗೆ ಆರಾಮ. ಜಾಸ್ತಿ ಇದ್ರೆ ಸ್ಯಾಡಲ್ ತೆಗೆದು ಅದರ ತಳವನ್ನ ಸಮತಟ್ಟಾದ ಗಾಜಿನ ಮೇಲೆ ಮರಳು ಕಾಗದ ಇಟ್ಟು ಉಜ್ಜೋದು. 12ನೇ ಫ್ರೆಟ್ಟು ತಂತಿಯ ಸರಿ ಅರ್ಧಕ್ಕಿರೋದ್ರಿಂದ ಅಲ್ಲಿ ಅರ್ಧ ಎಂಎಂ ಇಳೀಬೇಕು ಅಂದ್ರೆ ಸ್ಯಾಡಲಲ್ಲಿ ಒಂದು ಎಂಎಂ ತೆಗೀಬೇಕು. ಉಜ್ಜಿದ್ದು ವಾಪಸ್ ಬರಲ್ಲ, ಅದಕ್ಕೆ ಹೊಸ ಸ್ಯಾಡಲ್ ಒಂದು ತಂದಿಟ್ಕೊಂಡು ಅದನ್ನ ಉಜ್ಜಿ, ಹಳೇದು ಇರ್ಲಿ. ಸ್ಯಾಡಲ್ ಇನ್ನು ಉಜ್ಜಕ್ಕೇ ಉಳಿದಿಲ್ಲ, ಆಕ್ಷನ್ ಇನ್ನೂ ಮೇಲೇ ಇದೆ ಅಂದ್ರೆ ನೆಕ್ ಬಾಡಿಗೆ ಸೇರಿರೋ ಕೋನವೇ ತಪ್ಪಿದೆ. ಅದು ನೆಕ್ ಬಿಚ್ಚಿ ಕೂರಿಸೋ ಕೆಲಸ, ಮನೇಲಿ ಆಗಲ್ಲ.

ಇನ್ನು ನಟ್. ಮೂರನೇ ಫ್ರೆಟ್ ಒತ್ತಿ ಹಿಡಿದು ಒಂದನೇ ಫ್ರೆಟ್ ಮೇಲೆ ನೋಡಿ, ಕೂದಲು ತೂರೋಷ್ಟು ಸಂದು ಇದ್ರೆ ಸರಿ. ಇಷ್ಟೇ.

ಎಲ್ಲಾ ಆದ ಮೇಲೆ ನಾನು ಮಾಡಿದ್ದು, ಒಂದು ಹಳೇ ಬಸ್ ಟಿಕೆಟ್ ಹಿಂದೆ ತಾರೀಖು, ತಂತಿ ಸೆಟ್ಟು, ರೂಮಿನ ತೇವ, ರಿಲೀಫ್, ಎಷ್ಟು ಸುತ್ತು ಯಾವ ಕಡೆಗೆ ಅಂತ ಬರೆದು ಆ 5 ಎಂಎಂ ಕೀ ಜೊತೆ ಕೇಸಿನ ಜೇಬಲ್ಲಿ ಹಾಕಿಟ್ಟೆ. ಆಗಸ್ಟಲ್ಲಿ ಮತ್ತೆ ಅಳೆದೆ, 0.25 ಬಂತು. ಮುಟ್ಲಿಲ್ಲ, ಸುಮ್ನೆ ಅದನ್ನೂ ಟಿಕೆಟ್ ಮೇಲೆ ಬರೆದೆ.